ಬ್ರೌಸರಿಗೂ ಮಗ್ಗಕ್ಕೂ ನಡುವಿನ ದಲ್ಲಾಳಿ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಂಪನಿಯವರು ಮೊದಲ ದಿನ ಒಂದು ಬ್ಯಾಗು, ಒಂದು ನೀರಿನ ಬಾಟಲಿ ಕೊಟ್ಟು ಗೋಡೆಯ ಮೇಲೆ ಒಂದು ಚಿತ್ರ ತೋರಿಸುತ್ತಾರೆ. ಎಡಗಡೆ ಒಂದು ಡಬ್ಬ, ಅದರ ಮೇಲೆ ‘ಬ್ರೌಸರ್’ ಎಂದು ಬರೆದಿರುತ್ತದೆ. ಬಲಗಡೆ ಇನ್ನೊಂದು ಡಬ್ಬ, ಅದರ ಮೇಲೆ ‘ಯಂತ್ರ’. ಎರಡರ ನಡುವೆ ಒಂದು ಬಾಣ. ಚಿತ್ರ ತೋರಿಸುವವರು ಆ ಬಾಣದ ಬಗ್ಗೆ ಒಂದು ಮಾತೂ ಆಡದೆ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ. ನನ್ನ ಇಡೀ ನೌಕರಿ ಆ ಬಾಣದ ಒಳಗೆ ಕಳೆಯಿತು. ಅದರೊಳಗೆ ಏನಿರುತ್ತದೆ ಎಂದು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಬಡ್ತಿ, ಬೆಳ್ಳಿ ತಟ್ಟೆ, ವಾರ್ಷಿಕೋತ್ಸವದ ಶಾಲು, ಇವುಗಳ ಕಥೆ ಬೇಕಾದವರು ಬೇರೆಯವರನ್ನು ಕೇಳಿ. ಅವರ ಹತ್ತಿರ ಫೋಟೋಗಳೂ ಇವೆ.

ನಾನು ಮಾದಮ್ಮ. ತಮಿಳುನಾಡಿನ ಸೇಲಂ ಜಿಲ್ಲೆಯ ಕೊಳತ್ತೂರಿನ ಪಕ್ಕದ ಹಳ್ಳಿಯವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಕನ್ನಡ ಅಕ್ಷರ ಕಲಿತದ್ದು ನೌಕರಿ ಸಿಕ್ಕಮೇಲೆ, ಹಟಕ್ಕೆ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮೊದಲು ಮುಟ್ಟಿದವಳು ನಾನೇ. ಇದನ್ನು ಕೆಲವರು ತಲೆ ತಗ್ಗಿಸಿ ವಿನಯದಿಂದ ಹೇಳುತ್ತಾರೆ. ಮೇಟ್ಟೂರು ಬಸ್ಸಿನಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ಕ್ಯಾಲ್ಕುಲಸ್ ಕಲಿತವಳಿಗೆ ವಿನಯ ಅಷ್ಟು ಸುಲಭಕ್ಕೆ ಬರುವುದಿಲ್ಲ. ಆಫೀಸಿನಲ್ಲಿ ಒಬ್ಬರು ನನ್ನ ಹೆಸರು ಹಳ್ಳಿಯದಾಯಿತೆಂದು ‘ಮಧು’ ಎಂದು ಕರೆಯಲು ನೋಡಿದರು. ನಾನು ತಿರುಗಿಯೇ ನೋಡಲಿಲ್ಲ. ಒಂದು ವಾರಕ್ಕೆ ಅವರೇ ಮಾದಮ್ಮ ಎಂದು ಕರೆಯಲು ಕಲಿತರು. ಓದಿದವರು, ಬೇಗ ಕಲಿಯುತ್ತಾರೆ.

ನಾನು ಮಾಡುವ ಕೆಲಸ ಏನೆಂದು ಊರಿನವರಿಗೆ ಸರಿಯಾಗಿ ಹೇಳಿದವನು ನಮ್ಮಪ್ಪ ಒಬ್ಬನೇ. ಪಕ್ಕದ ಹೊಲದ ಚಿಕ್ಕಣ್ಣ ಕೇಳಿದ್ದ:

“ಏನ್ಲಾ, ನಿನ್ ಮಗ್ಳು ಸೇಲಂನಾಗೆ ಏನ್ ಕೆಲ್ಸ ಮಾಡ್ತಾಳೆ?”

“ದಲ್ಲಾಳಿ ಕೆಲ್ಸ ಕಣ್ಲಾ. ಕಂಪ್ಯೂಟರ್‌ಗೂ ಮಗ್ಗಕ್ಕೂ ಯಾಪಾರ ಕುದುರಿಸ್ತಾಳೆ.”

“ದನದ ಸಂತೇಲಿ ಮಾಡ್ತಾರಲ್ಲ, ಅಂಗಾ? ಟವಲ್ ಮುಚ್ಕಂಡು ಬೆಳ್ಳು ಇಡಿತಾಳಾ?”

“ಊಂ. ಟವಲ್ ಒಳ್ಗೆ ಏನ್ ನಡೀತೈತೆ ಅಂತ ಯಾರ್ಗೂ ಗೊತ್ತಾಗಾಕಿಲ್ಲ. ಅದ್ಕೇ ಸಂಬ್ಳ ಕೊಡ್ತಾರೆ.”

ಅಪ್ಪ ಹೇಳಿದ್ದರಲ್ಲಿ ತಿದ್ದುವಂಥದ್ದೇನೂ ಇಲ್ಲ. ಬ್ರೌಸರ್ ಹುಟ್ಟಿನಿಂದಲೇ ಅನುಮಾನದ ಪ್ರಾಣಿ. ಯಾವುದೋ ಊರಿನವರು ಬರೆದ ಪುಟ ನಿಮ್ಮ ಯಂತ್ರದ ಮೇಲೆ ಕೈ ಹಾಕಬಾರದೆಂದು ಅದನ್ನು ಒಂದು ಕೋಣೆಯಲ್ಲಿ ಕೂಡಿ ಬೀಗ ಹಾಕಿದ್ದಾರೆ. ಒಳ್ಳೆಯ ಏರ್ಪಾಡೇ. ಆದರೆ ಯಂತ್ರವನ್ನು ನಡೆಸುವ ಪ್ರೋಗ್ರಾಂ ಆ ಕೋಣೆಯ ಹೊರಗಿರುತ್ತದೆ. ಅದು ಸಿ ಭಾಷೆಯಲ್ಲಿ ಬರೆದು, ಪ್ರೊಸೆಸರಿಗೇ ತಿಳಿಯುವ ನುಡಿಗೆ ಇಳಿಸಿ ಗಟ್ಟಿ ಮಾಡಿದ್ದು. ಅದಕ್ಕೆ ಪುಟವೆಂದರೇನೆಂದು ಗೊತ್ತಿಲ್ಲ, ಪುಟಕ್ಕೆ ಯಂತ್ರವೆಂದರೇನೆಂದು ಗೊತ್ತಿಲ್ಲ. ಇಬ್ಬರ ನಡುವೆ ಟವಲಿನೊಳಗೆ ಬೆರಳು ಹಿಡಿಯುವವರು ನಾವು.

ನಮ್ಮ ಕಂಪನಿಯ ಯಂತ್ರ ಎಂದರೆ ಜಕಾರ್ಡ್ ಮಗ್ಗದ ಮೇಲೆ ಕೂರುವ ಪೆಟ್ಟಿಗೆ. ಸೀರೆಯ ಹಾಸಿನಲ್ಲಿ, ಅಂದರೆ ಉದ್ದಕ್ಕೆ ಬಿಗಿದಿರುವ ಎಳೆಗಳಲ್ಲಿ, ಯಾವುದು ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಲಾಳಿ ಒಮ್ಮೆ ಹೋಗಿ ಬರುವಷ್ಟರಲ್ಲಿ ಅದು ಹೇಳಬೇಕು. ನವಿಲು, ಗಿಳಿ, ಮಾವಿನಕಾಯಿ ಎಲ್ಲ ಹೀಗೆ ಒಂದೊಂದು ಸಾಲಾಗಿ ಬಟ್ಟೆಯ ಮೇಲೆ ಬರುತ್ತವೆ. ಮೊದಲು ಇದಕ್ಕೆ ತೂತು ಹೊಡೆದ ರಟ್ಟುಗಳ ಮಾಲೆ ಇತ್ತು. ಆಮೇಲೆ ಫ್ಲಾಪಿ ಬಂತು. ಆಮೇಲೆ, ವಿನ್ಯಾಸವನ್ನು ಅಂಗಡಿಯವರು ಬ್ರೌಸರಿನಲ್ಲಿ ಬರೆದು ನೇರ ಮಗ್ಗಕ್ಕೆ ಕಳಿಸಬೇಕು ಎಂಬ ಆಸೆ ಬಂತು. ಬಾಣ ಹುಟ್ಟಿದ್ದು ಆಗ.

ಮೊದಲ ಬಾಣದ ಕಥೆ ಕೇಳಿ. ಒಂದೇ ಒಂದು ಬ್ರೌಸರಿನಲ್ಲಿ ಮಾತ್ರ ನಡೆಯುವ ಒಂದು ತುಂಡು ಪ್ರೋಗ್ರಾಮನ್ನು ಪುಟದೊಳಕ್ಕೇ ತುರುಕುವ ಕಾಲ ಅದು. ಪುಟ ತೆರೆದ ಕೂಡಲೇ “ಇದನ್ನು ನಂಬುತ್ತೀರಾ?” ಎಂದು ಒಂದು ಪಟ್ಟಿ ಮೇಲೆ ಬರುತ್ತಿತ್ತು. ಎಲ್ಲರಿಗೂ ನಾವೇ ಕಲಿಸಿದ್ದೆವು: ಏನು ಕೇಳಿದರೂ ಹೌದು ಅನ್ನಿ. ನಮ್ಮ ಜನ ಶ್ರದ್ಧೆಯಿಂದ ಹೌದು ಅಂದರು. ಜಾತಕ ಹೇಳುತ್ತೇನೆಂದು ಬಂದ ಪುಟಕ್ಕೂ ಅಂದರು, ತೂಕ ಇಳಿಸುತ್ತೇನೆಂದು ಬಂದ ಪುಟಕ್ಕೂ ಅಂದರು. ಆರು ತಿಂಗಳಲ್ಲಿ ಅಂಗಡಿಯ ಕಂಪ್ಯೂಟರುಗಳಲ್ಲಿ ವಿನ್ಯಾಸ ಕಾಣುವ ಜಾಗ ಅಂಗೈಯಷ್ಟು ಉಳಿದು, ಉಳಿದದ್ದೆಲ್ಲ ಮಿಣುಕುವ ಜಾಹೀರಾತಾಗಿತ್ತು.

ಆ ಕಾಲದಲ್ಲೇ ನವಿಲುಗಳು ತಲೆಕೆಳಗಾದದ್ದು. ನಮ್ಮ ಹಳೆಯ ಪ್ರೋಗ್ರಾಂ ಚಿತ್ರದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಿತ್ತು. ಅದರ ಕಾಲದ ರೂಢಿ ಅದು. ಬ್ರೌಸರ್ ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ. ಪರದೆಯ ಮೇಲೆ ಗರ್ವದಿಂದ ನಿಂತಿದ್ದ ನವಿಲುಗಳು ಪಟ್ಟೆ ಸೀರೆಯ ಸೆರಗಿನಲ್ಲಿ ಕಾಲು ಕಟ್ಟಿ ನೇತುಹಾಕಿದ ಕೋಳಿಗಳಂತೆ ಬಂದವು. ಸಾಲುಗಳನ್ನು ತಿರುಗಿಸಲು ಒಂದು ಚಿಕ್ಕ ತಿದ್ದುಪಡಿ ಸಾಕಿತ್ತು. ಆದರೆ ಆಗಿನ ನಮ್ಮ ಮೇಲಧಿಕಾರಿ ಪರದೆಯನ್ನು ದೀರ್ಘವಾಗಿ ನೋಡಿ, “ಪರದೆಯಲ್ಲಿ ಸರಿ ಇದೆ. ಆದ್ದರಿಂದ ಪ್ರೋಗ್ರಾಂ ಸರಿ ಇದೆ. ಮಗ್ಗವನ್ನು ತಿರುಗಿಸಿ ಇಡಲು ಹೇಳಿ” ಎಂದರು. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಮಗ್ಗ. ಇದನ್ನು ಅವರು ಬರವಣಿಗೆಯಲ್ಲೂ ಕಳಿಸಿದರು. ತಿದ್ದುಪಡಿಯನ್ನು ನಾವು ಊಟದ ಹೊತ್ತಿನಲ್ಲಿ ಮಾಡಿ ಮುಗಿಸಿ, ಮಗ್ಗ ತಿರುಗಿಸಿದೆವು ಎಂದು ಅವರಿಗೆ ತಿಳಿಸಿದೆವು. ಅವರು ನಿವೃತ್ತರಾಗುವವರೆಗೂ ಅದನ್ನು ತಮ್ಮ ಸಾಧನೆಗಳಲ್ಲಿ ಒಂದೆಂದು ಹೇಳಿಕೊಂಡರು.

ಆಮೇಲೆ ಒಂದು ದಿನ ಬ್ರೌಸರ್ ಮಾಡುವವರು ಆ ತುರುಕುವ ಬಾಗಿಲನ್ನು ಮುಚ್ಚಿಬಿಟ್ಟರು. ಸರಿಯಾಗಿಯೇ ಮುಚ್ಚಿದರು ಅನ್ನಿ. ಅದರ ಬದಲು ಕೊಟ್ಟ ದಾರಿ ಹೀಗಿತ್ತು: ನಿಮ್ಮ ಗಟ್ಟಿ ಪ್ರೋಗ್ರಾಂ ಹೊರಗೇ ಬೇರೆಯಾಗಿ ಇರಲಿ, ಬ್ರೌಸರ್ ಅದಕ್ಕೆ ಒಂದು ಕಿಂಡಿಯಿಂದ ಸಂದೇಶ ಕೊಡುತ್ತದೆ, ಅದೂ ಕಿಂಡಿಯಿಂದಲೇ ಉತ್ತರ ಕೊಡಲಿ. ಒಂದೇ ಕಟ್ಟುನಿಟ್ಟು. ಯಾವ ಸಂದೇಶವಾದರೂ ಮೊದಲು ಅದರ ಉದ್ದ ಎಷ್ಟು ಎಂದು ಹೇಳಬೇಕು, ಆಮೇಲೆ ವಿಷಯ. ಕಿಂಡಿಯಿಂದ ಒಂದು ಅಕ್ಷರ ಆಚೀಚೆ ಉದುರಿದರೂ ಬ್ರೌಸರ್ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಳ್ಳುತ್ತದೆ.

ಈ ಕೆಲಸ ನಮ್ಮ ಸಹೋದ್ಯೋಗಿ ಕಂದಸಾಮಿಗೆ ಬಂತು. ಬುದ್ಧಿವಂತ, ದೈವಭಕ್ತ. ತಮಿಳರಲ್ಲಿ ಏನು ಬರೆಯುವುದಿದ್ದರೂ ಹಾಳೆಯ ತಲೆಯಲ್ಲಿ ಮೊದಲು ಪಿಳ್ಳೆಯಾರ್ ಸುಳಿ ಹಾಕುವ ಪದ್ಧತಿ ಇದೆ, ಗಣಪನ ಹೆಸರಿನ ಒಂದೇ ಅಕ್ಷರ. ಮದುವೆ ಪತ್ರಿಕೆಗೂ ಹಾಕುತ್ತಾರೆ, ದಿನಸಿ ಚೀಟಿಗೂ ಹಾಕುತ್ತಾರೆ. ಕಂದಸಾಮಿ ತನ್ನ ಪ್ರೋಗ್ರಾಂ ಎದ್ದ ಕೂಡಲೇ ಮೊದಲ ಮಾತಾಗಿ ಆ ಸುಳಿಯನ್ನು ಕಿಂಡಿಯಿಂದ ಹೊರಗೆ ಹೇಳುವಂತೆ ಬರೆದಿದ್ದ. ಬ್ರೌಸರಿಗೆ ಗಣಪ ಗೊತ್ತಿಲ್ಲವಲ್ಲ. ಅದು ಆ ಸುಳಿಯನ್ನು ಸಂದೇಶದ ಉದ್ದ ಎಂದು ಓದಿತು. ಲೆಕ್ಕ ಹಾಕಿದರೆ ಇಡೀ ಸೇಲಂ ಜಿಲ್ಲೆಯ ಸೀರೆಗಳ ವಿನ್ಯಾಸವೆಲ್ಲ ಒಂದೇ ಸಂದೇಶದಲ್ಲಿ ಬರುತ್ತಿದೆ ಎಂಬಂಥ ಸಂಖ್ಯೆ. ಹೆದರಿ ಬಾಗಿಲು ಹಾಕಿಕೊಂಡಿತು.

ದೋಷ ಸಿಕ್ಕಮೇಲೆ ಆ ಸಾಲು ತೆಗೆಯಲು ಕಂದಸಾಮಿ ಒಪ್ಪಲಿಲ್ಲ.

“ಪಿಳ್ಳೆಯಾರ್ ಇಲ್ಲಾಮೆ ಎಪ್ಪಡಿ ಮೇಡಂ? ಅವರಿಲ್ಲದೆ ಶುರು ಮಾಡಿದ ಕೆಲಸ ಯಾವುದು ನಿಂತಿದೆ ಹೇಳಿ.”

“ಅವರಿರುವುದರಿಂದಲೇ ಇದು ನಿಂತಿರೋದು ಕಂದಸಾಮಿ.”

ಕಂಪನಿಯ ಮಾಲೀಕರವರೆಗೂ ಪಂಚಾಯಿತಿ ಹೋಯಿತು. ಅವರೂ ಭಕ್ತರೇ. ಕಡೆಗೆ ನಾನೇ ದಾರಿ ಹೇಳಿದೆ: ಪ್ರೋಗ್ರಾಮಿಗೆ ದೋಷಗಳನ್ನು ವರದಿ ಮಾಡಲು ಬೇರೊಂದು ಕಿಂಡಿ ಇರುತ್ತದೆ, ಅದನ್ನು ಬ್ರೌಸರ್ ಸಂದೇಶವೆಂದು ಓದುವುದಿಲ್ಲ, ಸುಳಿಯನ್ನು ಅಲ್ಲಿ ಹಾಕಿ. “ಪಿಳ್ಳೆಯಾರನ್ನ ಎರರ್ ಲಾಗ್‌ನಲ್ಲಿ ಕೂರಿಸ್ತೀರಾ?” ಎಂದು ಕಂದಸಾಮಿ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಬಂದು, ವಿಘ್ನಗಳು ಬರುವ ಜಾಗದಲ್ಲೇ ಅವರು ಕೂರುವುದು ಸರಿ ಎಂದು ತನಗೆ ಹೊಳೆಯಿತು ಎಂದ. ಇಂದಿಗೂ ನಮ್ಮ ಎಲ್ಲ ಮಗ್ಗಗಳ ಎರರ್ ಲಾಗಿನ ಮೊದಲ ಸಾಲು ಅವರೇ. ಹೊಸಬರು ನೋಡಿದರೆ ವೈರಸ್ ಎಂದು ಅಳಿಸಬೇಡಿ.

ಇನ್ನು ನಾನು ನಿಜವಾಗಿ ಬರೆಯಲು ಕೂತ ವಿಷಯ. ಇದು ನನ್ನ ನೌಕರಿಯ ಕೊನೆಯ ವರ್ಷಗಳದ್ದು.

ಕಂಪನಿಗೆ ಚೆನ್ನೈಯಿಂದ ಶ್ರೀಧರನ್ ಎಂಬ ಹೊಸ ಜನರಲ್ ಮ್ಯಾನೇಜರ್ ಬಂದರು. ಸಿನಿಮಾ ಟಿಕೆಟ್ ಮಾರುವ ವೆಬ್‌ಸೈಟಿನಲ್ಲಿ ಹೆಸರು ಮಾಡಿದವರು. ಮೊದಲ ಸಭೆಯಲ್ಲೇ, “ಈ ಕಾಲದಲ್ಲಿ ಹೊರಗಡೆ ಒಂದು ಪ್ರೋಗ್ರಾಂ ಏಕೆ? ಎಲ್ಲವೂ ಬ್ರೌಸರಿನೊಳಗೆ” ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು, ಸುಳ್ಳು ಹೇಳಬಾರದು. ಸಿ ಭಾಷೆಯಲ್ಲಿ ಬರೆದದ್ದನ್ನೇ ಬ್ರೌಸರಿನೊಳಗೆ ಓಡುವಂತೆ ಇಳಿಸುವ ವಿದ್ಯೆ ಅಷ್ಟರಲ್ಲಿ ಬಂದಿತ್ತು. ನಾನು ಬರೆದ ವಿನ್ಯಾಸದ ಲೆಕ್ಕಾಚಾರ ಒಂದಕ್ಷರ ಬದಲಾಗದೆ ಪುಟದೊಳಗೆ ಓಡಿದ್ದು ಕಂಡು ನನಗೇ ಖುಷಿಯಾಗಿತ್ತು. ಪುಟ ಅನುಮತಿ ಕೇಳಿ ನೇರ ಮಗ್ಗದ ಪೆಟ್ಟಿಗೆಯ ಜೊತೆ ಮಾತಾಡುವ ದಾರಿಯೂ ತೆರೆದಿತ್ತು. ಆದರೆ ಶ್ರೀಧರನ್ ಅಲ್ಲಿಗೆ ನಿಲ್ಲಲಿಲ್ಲ. ಹೊರಗಿನ ಪ್ರೋಗ್ರಾಂ ಇಡೀ ವಿನ್ಯಾಸವನ್ನು ತನ್ನ ಬಳಿ ಇಟ್ಟುಕೊಂಡು ಮಗ್ಗದ ವೇಗಕ್ಕೆ ತಕ್ಕಂತೆ ಸಾಲು ಕೊಡುತ್ತಿತ್ತು. ಅದನ್ನು ಕಿತ್ತುಹಾಕಿ, ಪುಟವೇ ತನ್ನ ಗಡಿಯಾರ ನೋಡಿಕೊಂಡು ಸಾಲುಸಾಲಾಗಿ ಮಗ್ಗಕ್ಕೆ ಉಣಿಸುವಂತೆ ಮಾಡಿಸಿದರು. ಆಫೀಸಿನಲ್ಲಿ ಪರೀಕ್ಷೆ ಮಾಡಿದವರು ಆ ಪುಟವನ್ನು ದೇವರ ಪಟದ ಹಾಗೆ ನೋಡುತ್ತ ಕೂತಿದ್ದರು. ಎಲ್ಲ ಸರಿಯಾಗಿ ಓಡಿತು. ಸಿಹಿ ಹಂಚಿದರು.

ಹೊಸ ಏರ್ಪಾಡು ಮೊದಲು ಹೋದದ್ದು ಸೇಲಂ ಊರೊಳಗಿನ ಒಂದು ನೇಕಾರರ ಬೀದಿಗೆ. ಇಡೀ ಬೀದಿ ಮನೆಯೊಳಗೆ ಕನ್ನಡ ಆಡುತ್ತದೆ. ಅಲ್ಲಿ ರಾಜಮ್ಮ ಎಂಬಾಕೆಯ ಮನೆಯಲ್ಲಿ ಎರಡು ವಿದ್ಯುತ್ ಮಗ್ಗ. ಗಂಡ ತೀರಿಹೋದ ಮೇಲೆ ಆಕೆಯೇ ನಡೆಸುತ್ತಿದ್ದಳು. ರೇಷ್ಮೆ, ಆ ಬೀದಿಯವರ ಬಾಯಲ್ಲಿ ಪಟ್ಟು, ಕೊಡುತ್ತಿದ್ದವನು ಸೆಲ್ವರಾಜು ಎಂಬ ಸೀರೆ ವ್ಯಾಪಾರಿ. ಅವನೂ ಅದೇ ಬೀದಿಯಲ್ಲಿ ಬೆಳೆದವನು. ಮಗ್ಗದ ಹಾಸಿಗಾಗಿ ಕಟ್ಟುವ ನೂಲಿಗೆ ಅಲ್ಲಿ ಪಾವು ಅನ್ನುತ್ತಾರೆ. ವ್ಯಾಪಾರಿ ಪಾವು ಕಳಿಸಿದರೆ ಮಗ್ಗ ಓಡುತ್ತದೆ, ಕಳಿಸದಿದ್ದರೆ ಮಗ್ಗದ ಮೇಲೆ ಬಟ್ಟೆ ಒಣಗಿಸಬೇಕು, ಅಷ್ಟೆ.

ಹೊಸ ಏರ್ಪಾಡು ಬಂದ ವಾರದಲ್ಲೇ ರಾಜಮ್ಮನ ಸೀರೆಗಳಲ್ಲಿ ಗೀಟು ಬೀಳತೊಡಗಿತು. ರೇಷ್ಮೆ ಮಗ್ಗ ನಡುವೆ ನಿಂತು ಮತ್ತೆ ಹೊರಟರೆ ಎಳೆಗಳ ಬಿಗಿ ಕೂದಲಿನಷ್ಟು ಬದಲಾಗುತ್ತದೆ. ಬಟ್ಟೆಯ ಅಡ್ಡಕ್ಕೆ ಒಂದು ಸಣ್ಣ ಗೆರೆ. ಬೆಳಕಿಗೆ ಹಿಡಿದರೆ ಕಾಣುತ್ತದೆ, ಮದುವೆ ಸೀರೆಯನ್ನು ಬೆಳಕಿಗೆ ಹಿಡಿಯದವರು ಯಾರಿದ್ದಾರೆ? ಸೆಲ್ವರಾಜು ಸೀರೆ ಹಿಡಿದುಕೊಂಡು ಬಂದು ಬೀದಿಯ ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದ:

“ಸೀರಿಯಲ್ ನೋಡ್ಕಂಡ್ ನೇಯ್ದ್ರೆ ಇಂಗೇ ಆಗಾದು! ಪಟ್ಟು ಅಂದ್ರೆ ಗೋಣಿಚೀಲ ಅನ್ಕಂಡ್ಯಾ? ಈ ಪಾವು ಮುಗೀಲಿ. ಮುಂದಿಂದು ನಿನ್ ಬಾಗ್ಲಿಗೆ ಬರಾಕಿಲ್ಲ.”

ಆ ಬೀದಿಯಲ್ಲಿ ಇದು ಬರಿಯ ಒಬ್ಬ ವ್ಯಾಪಾರಿಯ ಕೋಪವಲ್ಲ. ಗೀಟು ಬಿಡುವವಳು ಎಂದು ಒಮ್ಮೆ ಹೆಸರು ಬಂದರೆ ಬೇರೆ ಯಾರೂ ರೇಷ್ಮೆ ಕೊಡುವುದಿಲ್ಲ.

ರಾಜಮ್ಮ ನಮ್ಮ ಕಂಪನಿಗೆ ದೂರು ಕೊಟ್ಟಳು. ಸರ್ವೀಸಿನವನು ಹೋಗಿ ಪುಟ ತೆರೆದು ನೋಡಿದ. ಮಗ್ಗ ಹೂವಿನ ಹಾಗೆ ಓಡಿತು. ಮತ್ತೆ ದೂರು, ಮತ್ತೆ ಹೋದ, ಮತ್ತೆ ಹೂವಿನ ಹಾಗೆ. ಶ್ರೀಧರನ್ ದೂರಿನ ಮೇಲೆ “ನಡೆಸುವವರ ತಪ್ಪು” ಎಂದು ಬರೆದು ಮುಚ್ಚಿ, ಆಕೆಗೆ ತರಬೇತಿ ಕೊಟ್ಟು ಬನ್ನಿ ಎಂದು ನನ್ನನ್ನು ಕಳಿಸಿದರು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲಿ ಮಲಗಿದವಳಿಗೆ ಮಗ್ಗದ ತರಬೇತಿ. ಹೋದೆ.

ಮನೆಯೊಳಗೆ ಕಾಲಿಟ್ಟರೆ ಮಗ್ಗಕ್ಕೆ ಬೂದುಗುಂಬಳ, ಕಂಪ್ಯೂಟರಿಗೆ ನಿಂಬೆಹಣ್ಣು ಮೆಣಸಿನಕಾಯಿ. ನಿಂಬೆಹಣ್ಣಿನ ರಸ ತೊಟ್ಟಿಕ್ಕಿ ಕೀಬೋರ್ಡಿನ ಅರ್ಧ ಸತ್ತಿತ್ತು.

“ಕಣ್ಣಾಕವ್ರಕ್ಕಾ,” ಎಂದಳು ರಾಜಮ್ಮ. “ಎದ್ರು ಮನೆಯವ್ಳು ಬಂದು ‘ಎಷ್ಟ್ ಚೆಂದಾಗ್ ಓಡ್ತೈತಮ್ಮಾ’ ಅಂದ್ಳು ನೋಡು, ಅವತ್ನಿಂದ ಇಂಗೆ.”

“ಸೀರಿಯಲ್ ನೋಡ್ತೀಯಾ?”

“ನೋಡ್ತೀನಿ. ಈ ಬೀದಿನಾಗೆ ಯಾರ್ ನೋಡಾಕಿಲ್ಲ ಏಳು. ಕಣ್ಣು ನೂಲ್ ಮ್ಯಾಗಿರ್ತೈತೆ, ಕಿವಿ ಸೀರಿಯಲ್ ಮ್ಯಾಗೆ. ಕಿವಿಯಿಂದ ಯಾರಾದ್ರೂ ನೇಯ್ತಾರಾ?”

ಮಗ್ಗ ಹಾಕು, ದಿನಾ ಹೇಗೆ ಮಾಡುತ್ತೀಯೋ ಹಾಗೇ ಮಾಡು ಎಂದು ಗೋಡೆಗೆ ಒರಗಿ ಕೂತೆ. ಆಕೆ ಕಂಪ್ಯೂಟರಿನಲ್ಲಿ ನಮ್ಮ ಪುಟದಿಂದ ವಿನ್ಯಾಸ ಹೊರಡಿಸಿದಳು. ಅದರ ಮೇಲೆ ಇನ್ನೊಂದು ಪುಟ ತೆರೆದು ಸೀರಿಯಲ್ ಹಚ್ಚಿ ಮಗ್ಗದ ಪಕ್ಕ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಮಗ್ಗ ತಡವರಿಸಿತು. ಒಂದು ಏಟು, ಮೌನ, ಇನ್ನೊಂದು ಏಟು. ರಾಜಮ್ಮ ಓಡಿಹೋಗಿ ಸೀರಿಯಲ್ ಸರಿಸಿ ಮಗ್ಗದ ಪುಟ ನೋಡಿದಳು. ಮಗ್ಗ ಸರಿಹೋಯಿತು.

“ನೋಡಿದ್ಯಾ? ಏನಾಗೈತೆ ಅಂತ ನೋಡಾಕ್ ಓದ್ರೆ ಏನೂ ಆಗಿರಾಕಿಲ್ಲ. ನಮ್ ಅತ್ತೆ ಇಂಗೇ ಮಾಡ್ತಿದ್ಲು.”

ನನಗೆ ಅಲ್ಲೇ ತಿಳಿಯಿತು. ಯಾರೂ ನೋಡದ ಪುಟದ ಗಡಿಯಾರವನ್ನು ಬ್ರೌಸರ್ ನಿಧಾನ ಮಾಡುತ್ತದೆ. ಕಾಣದ ಪುಟಕ್ಕೆ ವಿದ್ಯುತ್ತು ಏಕೆ ದಂಡ ಎಂಬುದು ಅದರ ವಾದ. ಸುದ್ದಿ ಓದುವ ಪುಟಕ್ಕೆ ಈ ವಾದ ಸರಿ. ನಮ್ಮ ಪುಟವೋ ಆ ಗಡಿಯಾರ ನೋಡಿಕೊಂಡು ಮಗ್ಗಕ್ಕೆ ತುತ್ತು ಕೊಡುತ್ತಿತ್ತು. ಸೀರಿಯಲ್ ಮುಂದೆ ಬಂದ ಕೂಡಲೇ ಗಡಿಯಾರ ತೂಕಡಿಸಿತು, ಮಗ್ಗ ಬಾಯಿ ತೆರೆದುಕೊಂಡು ಕಾದು ನಿಂತಿತು. ಸರ್ವೀಸಿನವನು ನೋಡಲು ಪುಟ ತೆರೆದಾಗ ಗಡಿಯಾರ ಎಚ್ಚರ. ಈ ಮನೆಯಲ್ಲಿ ದೃಷ್ಟಿ ಬಿದ್ದದ್ದಲ್ಲ ತೊಂದರೆ, ದೃಷ್ಟಿ ಬೀಳದ್ದು.

ಆಫೀಸಿಗೆ ಹೋಗಿ ವರದಿ ಬರೆದುಕೊಟ್ಟು ಶ್ರೀಧರನ್‌ಗೆ ಇದನ್ನು ಬಿಡಿಸಿ ಹೇಳಿದೆ. ತಾಳ್ಮೆಯಿಂದ ಕೇಳಿ, “ಹಾಗಾದರೆ ಅವರು ಸೀರಿಯಲ್ ನೋಡಬಾರದು. ಬಳಕೆಯ ಸೂಚನೆಯಲ್ಲಿ ಒಂದು ಸಾಲು ಸೇರಿಸೋಣ” ಎಂದರು.

“ಸಾರ್, ಪಕ್ಕದಲ್ಲಿ ಯಾರಾದರೂ ಸೀರಿಯಲ್ ಹಚ್ಚಿದರೆ ಕೆಡುವ ಮಗ್ಗವನ್ನು ಮನುಷ್ಯರಿಗೆ ಮಾರಬಾರದು.”

“ಮೇಡಂ, ನೀವು ಹಳೆಯ ಪ್ರೋಗ್ರಾಮಿಗೆ ತುಂಬ ಅಂಟಿಕೊಂಡಿದ್ದೀರಿ. ಭಾವನಾತ್ಮಕವಾಗಿ.”

ಹೆಂಗಸು ಲೆಕ್ಕ ಹೇಳಿದರೆ ಅದು ಭಾವನೆ. ಗಂಡಸು ಕೋಪ ಮಾಡಿಕೊಂಡರೆ ಅದು ದೂರದೃಷ್ಟಿ. ಈ ಅನುವಾದ ಹೊಸಬರಾದ ನೀವು ಬೇಗ ಕಲಿತಷ್ಟೂ ಒಳ್ಳೆಯದು. ನನ್ನ ವರದಿಯ ಕೆಳಗೆ “ಏರ್ಪಾಡಿನಂತೆಯೇ ಕೆಲಸ ಮಾಡುತ್ತಿದೆ” ಎಂದು ಬರೆದು ಅದನ್ನೂ ಮುಚ್ಚಿದರು.

ರಾಜಮ್ಮನ ಮಗ್ಗದಲ್ಲಿ ಪಾವು ಮುಗಿಯುತ್ತ ಬಂದಿತ್ತು. ನಾನು ನೇರವಾಗಿ ಸೆಲ್ವರಾಜುವಿನ ಅಂಗಡಿಗೆ ಹೋದೆ. ಗೀಟು ಹೇಗೆ ಬೀಳುತ್ತದೆಂದು ನಿನ್ನ ಕಣ್ಣೆದುರೇ ತೋರಿಸುತ್ತೇನೆ, ಬಾ ಎಂದೆ. ಅವನ ಕೈಯಲ್ಲಿ ಬೀದಿತುಂಬ ಮಗ್ಗಗಳಿದ್ದವು, ನಮ್ಮ ಕಂಪನಿಗೆ ಅವನು ದೊಡ್ಡ ಗಿರಾಕಿ. ಅವನು ಶ್ರೀಧರನ್‌ಗೆ ಫೋನ್ ಮಾಡಿ “ನೀವೂ ವಾಂಗ ಸಾರ್” ಎಂದ. ಹಾಗೆ ಮ್ಯಾನೇಜರ್ ಮೊದಲ ಸಲ ಒಂದು ಮಗ್ಗದ ಮನೆಗೆ ಬಂದರು. ಶೂ ಬಿಚ್ಚಿ, ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಅವರಿಗೆ ತಮಿಳು, ಇಂಗ್ಲಿಷು ಬಿಟ್ಟರೆ ಬೇರೆ ಭಾಷೆ ಬಾರದು. ಒಳಗೆ ನಾವೆಲ್ಲ ಕನ್ನಡದಲ್ಲಿ ಮಾತಾಡಿದಾಗಲೆಲ್ಲ ಸೀಲಿಂಗ್ ಫ್ಯಾನ್ ನೋಡುತ್ತಿದ್ದರು.

ತೊಡಕು ಬಂದದ್ದು ರಾಜಮ್ಮನಿಂದ. ತೋರಿಸಬೇಕಾದರೆ ಸೀರೆಯಲ್ಲಿ ಗೀಟು ಬೀಳಬೇಕಲ್ಲ.

“ಬೇಕಂತ ಗೀಟು ಬಿಡಾದಾ? ನನ್ ಕೈಯಾಗೆ ಆಗಾಕಿಲ್ಲ.”

“ನೀನು ಬಿಡೋದಲ್ಲ ರಾಜಮ್ಮ, ಅದು ಬೀಳೋದು.”

“ನಂಗೆ ಗೊತ್ತಿದ್ದೂ ಸುಮ್ಕೆ ನಿಂತ್ರೆ ನಾನ್ ಬಿಟ್ಟಂಗೇಯ. ಅರ್ಧ ಸೀರೆ ಮುಗ್ದೈತೆ, ಇದು ನವ್ಲು ಬರೋ ಜಾಗ. ಇಲ್ಲಿ ಬ್ಯಾಡ.”

“ಏ ರಾಜಮ್ಮ, ಪಟ್ಟು ನಂದು, ನಾನೇ ಏಳ್ತಾ ಇವ್ನಿ, ಬೀಳ್ಲಿ ಬಿಡು,” ಎಂದ ಸೆಲ್ವರಾಜು.

“ಪಟ್ಟು ನಿಂದು. ಕೈ ಯಾರ್ದು?”

ನಾನು ಆಕೆಯನ್ನು ಪಕ್ಕಕ್ಕೆ ಕರೆದು ಹೇಳಿದೆ: ಇವತ್ತು ಈ ಒಂದು ಗೀಟು ಬೀಳದಿದ್ದರೆ ಹಿಂದಿನವೆಲ್ಲ ನಿನ್ನವೇ ಆಗಿ ಉಳಿಯುತ್ತವೆ. ಆಕೆ ಮಗ್ಗದ ಹತ್ತಿರ ವಾಪಸು ಹೋದಳು. ಆಮೇಲೆ ನವಿಲಿನ ಜಾಗ ದಾಟುವವರೆಗೆ ನೇಯ್ದಳು. ಅಲ್ಲಿಯವರೆಗೆ ಮ್ಯಾನೇಜರನ್ನೂ ವ್ಯಾಪಾರಿಯನ್ನೂ ನಿಲ್ಲಿಸಿಯೇ ಇಟ್ಟಳು. ನಂತರ ಕೈ ಕಟ್ಟಿ, ಕಣ್ಣನ್ನು ಎಳೆಗಳ ಮೇಲೆ ನೆಟ್ಟು, “ಊಂ” ಎಂದಳು.

ನಾನು ಸೀರಿಯಲ್ ಹಚ್ಚಲಿಲ್ಲ. ಪುಟದ ಮೂಲೆಯಲ್ಲಿರುವ ಸಣ್ಣ ಗೆರೆಯನ್ನು ಒತ್ತಿ ಅದನ್ನು ಕೆಳಗಿಳಿಸಿದೆ, ಅಷ್ಟೆ. ಮನೆಯಲ್ಲಿ ಮಗ್ಗದ ಸದ್ದೊಂದೇ ಇತ್ತು. ಆ ಸದ್ದು ಎಡವಿತು. ಒಂದು ಏಟು. ಮೌನ. ರಾಜಮ್ಮನ ಕೈ ತಾನಾಗಿ ಮುಂದೆ ಹೋಯಿತು, ಆಕೆಯೇ ಅದನ್ನು ಹಿಂದಕ್ಕೆ ಎಳೆದುಕೊಂಡಳು. ಇನ್ನೊಂದು ಏಟು. ಪುಟ ಮತ್ತೆ ತೆರೆದೆ, ಮಗ್ಗ ಓಡಿತು. ಸೆಲ್ವರಾಜು ಬಗ್ಗಿ ಮೊಬೈಲಿನ ಬೆಳಕು ಹಿಡಿದು ನೋಡಿದ. ಗೀಟು, ಅಂಗಡಿಗೆ ಬಂದ ಸೀರೆಗಳಲ್ಲಿದ್ದದ್ದೇ.

ಆಮೇಲೆ, ಶ್ರೀಧರನ್ ಕಿತ್ತುಹಾಕಿಸಿದ್ದ ಹಳೆಯ ಪ್ರೋಗ್ರಾಮನ್ನು ನಾನು ಆ ಕಂಪ್ಯೂಟರಿಗೆ ಹಾಕಿದೆ. ಪುಟ ಅದಕ್ಕೆ ಇಡೀ ವಿನ್ಯಾಸವನ್ನು ಒಮ್ಮೆಲೇ ಒಪ್ಪಿಸಿ ಸುಮ್ಮನಾಯಿತು. ಸಾಲು ಕೊಡುವುದು ಮತ್ತೆ ಹೊರಗಿನವನ ಕೆಲಸ. ಈಗ ಸೀರಿಯಲ್ ಹಚ್ಚಿದೆ, ಜೋರಾಗಿ. ಮಗ್ಗ ತನ್ನ ಪಾಡಿಗೆ ಓಡಿತು. ಓಡುತ್ತಲೇ ಇತ್ತು. ಸೆಲ್ವರಾಜು ಮಗ್ಗ ನೋಡುವುದು ಬಿಟ್ಟು ಪರದೆಯ ಕಡೆ ವಾಲಿದ.

“ಅವ್ಳು ಯಾರು, ಪಚ್ಚೆ ಸೀರೆ ಉಟ್ಟವ್ಳು? ಸೊಸೇನಾ?”

“ಸೊಸೆ ಸತ್ ಓದ್ಳು. ಇವ್ಳು ಸೊಸೆ ಥರ ಮುಖ ಮಾಡಿಸ್ಕಂಡ್ ಬಂದವ್ಳು,” ಎಂದಳು ರಾಜಮ್ಮ, ಎಳೆಯಿಂದ ಕಣ್ಣು ತೆಗೆಯದೆ.

“ಅಯ್ಯೋ ಕಡವುಳೇ, ದೇವ್ರೇ,” ಎಂದ ವ್ಯಾಪಾರಿ.

ಆ ಹಳೆಯ ಪ್ರೋಗ್ರಾಮಿಗೆ ಶ್ರೀಧರನ್ ಆಮೇಲೆ ಒಂದು ಹೊಳೆಯುವ ಇಂಗ್ಲಿಷ್ ಹೆಸರಿಟ್ಟು, ತಮ್ಮ ಹೊಸ ಯೋಚನೆಯೆಂದು ಎಲ್ಲ ಮಗ್ಗಗಳಿಗೂ ಹಾಕಿಸಿದರು. ಅದರ ಬಿಡುಗಡೆಗೂ ಸಿಹಿ ಹಂಚಿದರು. ನಾನು ಎರಡು ತಿಂದೆ.

ಅವತ್ತು ಸೀರಿಯಲ್ ಮುಗಿದ ಮೇಲೆ ಸೆಲ್ವರಾಜು ಎದ್ದು, ಪಂಚೆ ಕೊಡವಿಕೊಂಡು, ರಾಜಮ್ಮನ ಕಡೆ ನೋಡದೆ, “ಪಾವು ನಾಳೆ ಕಳಿಸ್ತೀನಿ,” ಎಂದು ಹೊರಟ. ರಾಜಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಒಳಗೆ ಏಳಿದ್ದು ಯಾರ್ಗೆ ಕೇಳ್ತೈತಣ್ಣ? ನೀನ್ ಬೈದಿದ್ದು ಬೀದಿನಾಗೆ.”

“ಏನಮ್ಮಾ, ಪಾವು ಕೊಡ್ತೀನಿ ಅಂದ್ನಲ್ಲ, ಸಾಲ್ದಾ?”

“ಬೀದಿನಾಗೆ ಏಳು.”

ನಲ್ಲಿಯ ಹತ್ತಿರ ಬಿಂದಿಗೆಗಳ ಸಾಲು ಇತ್ತು, ಬಿಂದಿಗೆಗಳ ಹಿಂದೆ ಆ ಬೀದಿಯ ಹೆಂಗಸರೆಲ್ಲ ಇದ್ದರು. ಸೆಲ್ವರಾಜು ಹೊರಗೆ ಬಂದು ಗಂಟಲು ಸರಿಮಾಡಿಕೊಂಡು, ಕೆಮ್ಮಿಗಿಂತ ಸ್ವಲ್ಪ ಜೋರಾಗಿ, “ರಾಜಮ್ಮನ ಕೈನಾಗೆ ತಪ್ಪಿಲ್ಲ,” ಎಂದ.

“ಕೇಳಾಕಿಲ್ಲ,” ಎಂದಳು ರಾಜಮ್ಮ.

“ರಾಜಮ್ಮನ ಕೈನಾಗೆ ತಪ್ಪಿಲ್ಲ! ಪಾವು ಬರ್ತೈತೆ!”

“ಅಂಗಾದ್ರೆ ಗೀಟು ಯಾರ್ದಣ್ಣ?” ಎಂದು ನಲ್ಲಿಯ ಕಡೆಯಿಂದ ಯಾರೋ ಕೇಳಿದರು.

ಸೆಲ್ವರಾಜು ಬೀದಿಯಲ್ಲಿ ನಿಂತಿದ್ದ ಮ್ಯಾನೇಜರ ಕಾರಿನ ಕಡೆ ನೋಡಿದ. ಎಲ್ಲರೂ ಆ ಕಡೆ ನೋಡಿದರು. ಶ್ರೀಧರನ್ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಏನೋ ಹೇಳಬೇಕಾಗಿದೆ ಎಂದಷ್ಟು ಅವರಿಗೂ ತಿಳಿಯಿತು. ಗಂಭೀರವಾಗಿ, ಇಂಗ್ಲಿಷಿನಲ್ಲಿ, “ಇಟ್ ವಾಸ್ ಎ ನೋನ್ ಲಿಮಿಟೇಷನ್” ಎಂದರು. ನಮಗೆ ಮೊದಲೇ ಗೊತ್ತಿದ್ದ ಒಂದು ಮಿತಿ, ಇಷ್ಟೇ ಅದರ ಅರ್ಥ. ಮೊದಲೇ ಎಂಬುದೂ ಸುಳ್ಳು, ಗೊತ್ತಾದದ್ದು ನಾನು ಹೋಗಿ ಹೇಳಿದ ಮೇಲೆ.

ರಾಜಮ್ಮ ನನ್ನ ಕಡೆ ತಿರುಗಿದಳು. “ಏನಂದ್ರಕ್ಕಾ ಅವ್ರು?”

ಬೀದಿಯೆಲ್ಲ ನನ್ನ ಬಾಯಿ ನೋಡುತ್ತಿತ್ತು.

“ಸೀರೆ ಆಳ್ ಮಾಡ್ದೋರು ನಾವೇಯ, ಇವ್ಳಲ್ಲ ಅಂತವ್ರೆ,” ಎಂದೆ.

ನಲ್ಲಿಯ ಕಡೆಯಿಂದ “ಆಂ!” ಎಂದು ಒಂದು ದೊಡ್ಡ ಉಸಿರು ಬಂತು. ಹೆಂಗಸರೆಲ್ಲ ಮ್ಯಾನೇಜರನ್ನು ಮೆಚ್ಚಿಗೆಯಿಂದ ನೋಡಿದರು. ತಮ್ಮ ಮಾತು ಇಷ್ಟು ಚೆನ್ನಾಗಿ ಮುಟ್ಟಿದ್ದು ಕಂಡು ಶ್ರೀಧರನ್ ಮುಖ ಅರಳಿತು. ಶೂ ಹಿಡಿದ ಕೈಯನ್ನೇ ಎದೆಗೆ ಒತ್ತಿಕೊಂಡು, ಹೌದು, ಹೌದು ಎಂದು ಬೀದಿಯ ಉದ್ದಕ್ಕೂ ತಲೆ ಆಡಿಸಿದರು.